ಕೇಳುವವರ ಎಡ

ಕೊಡೆಯಕ್ಕನ ಹಿಮ್ಮಡಿಗೆ ಕಣ್ಣಿದೆ ಅಂತ ಆ ದ್ವೀಪದ ಊರಲ್ಲಿ ಒಂದು ಮಾತಿತ್ತು. ಅದು ಬರೀ ಹೊಗಳಿಕೆಯಲ್ಲ. ಊರು ನೋಡಲು ಬಂದ ಇಪ್ಪತ್ತು ಇಪ್ಪತ್ತೈದು ಜನರನ್ನು ಎದುರಿಗಿಟ್ಟುಕೊಂಡು, ಕೆಂಪು ಕೊಡೆಯನ್ನು ಎತ್ತಿ ಹಿಡಿದು, ಅವರ ಮುಖ ನೋಡುತ್ತಾ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಅವಳು ಮೂವತ್ತು ವರ್ಷ ಕಳೆದಿದ್ದಳು. ಮೆಟ್ಟಿಲು ಬಂದರೆ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು, ಚರಂಡಿ ಬಂದರೆ ತಾನಾಗಿ ದಾಟುತ್ತಿತ್ತು. ಒಮ್ಮೆಯೂ ಬಿದ್ದವಳಲ್ಲ.

ಊರು ದೊಡ್ಡದೇನಲ್ಲ. ಸುತ್ತ ನೀರು, ನೀರಿಗೆ ತಾಗಿ ಕೋಟೆಗೋಡೆ, ಗೋಡೆಯೊಳಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಎರಡು ಗಂಟೆಯ ನಡಿಗೆ, ಹದಿನೇಳು ಕಡೆ ನಿಲ್ಲುವುದು. ಮದ್ದಿನ ಮನೆ, ಗಲ್ಲಿನ ಅಂಗಳ, ಬಗ್ಗಿಯೇ ಹೋಗಬೇಕಾದ ಕತ್ತಲೆಕೋಣೆ, ಕೊನೆಗೆ ಅರವತ್ತೊಂದು ಮೆಟ್ಟಿಲು ಹತ್ತಿ ದೊಡ್ಡ ಬುರುಜು. ಬುರುಜಿನ ಮೇಲೆ ನಿಂತರೆ ಕೆಳಗೆ ನೀರುಬಾಗಿಲು. ಲಾಂಚಿನಿಂದ ಇಳಿದವರೆಲ್ಲ ಊರೊಳಗೆ ಬರುವುದು ಆ ಒಂದೇ ಬಾಗಿಲಿನಿಂದ. ಹಿಂದೆ ಯಾವನೋ ಕಾವಲುಗಾರ ನಿದ್ದೆಗೆಟ್ಟ ಬೆಳಗಿನ ಜಾವ ಆ ಬಾಗಿಲನ್ನು ಶತ್ರುಗಳಿಗೆ ತೆರೆದನಂತೆ. ನಾನೂರು ಜನ ಸತ್ತರು ಎಂದು ಹಲಗೆಯ ಮೇಲೆ ಬರೆದಿದೆ. ಕೊಡೆಯಕ್ಕನ ಬಾಯಲ್ಲಿ ಅದು ಗುಂಪು ನೋಡಿಕೊಂಡು ಆರುನೂರಕ್ಕೆ ಏರುತ್ತಿತ್ತು. ಬಿಸಿಲು ಜೋರಾಗಿ ಜನ ಆಕಳಿಸಲು ಶುರು ಮಾಡಿದರೆ ಎಂಟುನೂರು. ಅವಳೇನು ಮಾಡಿಯಾಳು? ಗೋಡೆ ಎಷ್ಟು ಅಡಿ ಎತ್ತರ ಎಂದರೆ ಯಾರೂ ಕಿವಿಗೊಡುವುದಿಲ್ಲ. ಕತ್ತು ಕಡಿದದ್ದು ಎಲ್ಲಿ ಎಂದರೆ ಮಲಗಿದ್ದ ಮಗುವನ್ನೂ ಎಬ್ಬಿಸಿ ತೋರಿಸುತ್ತಾರೆ.

ಈ ಕಸುಬು ಕಲಿಸಿದ ಮುದುಕ ಗೈಡು ಮೊದಲ ದಿನವೇ ಅವಳಿಗೆ ಹೇಳಿದ್ದು ಒಂದೇ ಪಾಠ. "ನಿನ್ನ ಎಡ ಬಲ ಮನೇಲಿ ಬಿಟ್ಟು ಬಾ, ಮಗಳೇ. ನೀನು ಜನರ ಕಡೆ ಮುಖ ಮಾಡಿರ್ತೀಯ. ನಿನ್ನ ಬಲಗೈ ಕಡೆ ಇರೋದು ಅವರಿಗೆ ಎಡಗಡೆ. ಕೇಳೋರ ಎಡಾನೇ ಎಡ." ಮೊದಲ ಆರು ತಿಂಗಳು ತಡವರಿಸಿದಳು. ಆಮೇಲೆ ಅದು ರಕ್ತದಲ್ಲೇ ಸೇರಿಹೋಯಿತು. ಬಲಗೈ ಎತ್ತುವಳು, "ಎಡಗಡೆ ನೋಡಿ" ಅನ್ನುವಳು, ಇಪ್ಪತ್ತೈದು ತಲೆ ಸರಿಯಾದ ಕಡೆಗೇ ತಿರುಗುತ್ತಿದ್ದವು.

ಮನೆಯಲ್ಲೂ ಅದೇ ಗೋಳು. ಹಗ್ಗದಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವಳೂ ಅವಳ ತಮ್ಮನೂ ಇದ್ದದ್ದು. ತಮ್ಮ ಅಡುಗೆಗೆ ನಿಂತು "ಅಕ್ಕಾ, ಉಪ್ಪೆಲ್ಲಿ?" ಎಂದು ಕೂಗಿದರೆ, ಒಳಗಿಂದ "ಎಡಗಡೆ ಹಲಗೆ ಮೇಲೆ" ಎನ್ನುವಳು. ಅವನು ಎಡಗಡೆ ಹುಡುಕಿ ಸುಸ್ತಾಗಿ, ಬಲಗಡೆ ಉಪ್ಪಿನ ಡಬ್ಬಿ ಸಿಕ್ಕಾಗ, ಗಹಗಹಿಸಿ ನಗುತ್ತಾ ಕೇಳುತ್ತಿದ್ದ: "ನಿನ್ನ ಎಡಾನೋ, ಗಿರಾಕಿ ಎಡಾನೋ? ಅದನ್ನು ಮೊದಲು ಹೇಳು." ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ. ಕೇಳಿ ಕೇಳಿ ಅವಳಿಗೆ ರೇಗುತ್ತಿತ್ತು. "ಬಾಯಿ ಮುಚ್ಚೋ, ಉಪ್ಪು ಸಿಕ್ತಲ್ಲ" ಎನ್ನುತ್ತಿದ್ದಳು.

ತಮ್ಮನ ಕೆಲಸ ಲಾಂಚುಕಟ್ಟೆಯಲ್ಲಿ ತಲೆ ಎಣಿಸುವುದು. ಒಂದು ಲಾಂಚಿಗೆ ಅರವತ್ತು ಜನ, ಅರವತ್ತೊಂದನೆಯವನು ಮಂತ್ರಿಯ ಭಾವಮೈದನಾದರೂ ಹತ್ತಿಸುತ್ತಿರಲಿಲ್ಲ. ಲಾಂಚಿನವರಿಗೆ ಅವನು ಕಣ್ಣಿಗೆ ಬಿದ್ದ ಮರಳು. ಅದರಲ್ಲೂ ಒಂದು ಲಾಂಚಿನ ಇಬ್ಬರಿಗೆ. ಒಬ್ಬ ಅದನ್ನು ನಡೆಸುವವನು. ಊರೆಲ್ಲ ಅವನನ್ನು ಚುಕ್ಕಾಣಿ ಎನ್ನುತ್ತಿತ್ತು. ಇನ್ನೊಬ್ಬ ಕಟ್ಟೆಗೆ ಹಗ್ಗ ಎಸೆದು ಲಾಂಚು ಕಟ್ಟುವವನು. ಅವನಿಗೆ ಹಗ್ಗದವನು ಎಂದೇ ಹೆಸರು. ಚುಕ್ಕಾಣಿ ಒಳಗೊಳಗೇ ಕುದಿಯುವ ಪೈಕಿ, ಮೇಲೆ ಮಾತೆಲ್ಲ ಬೆಣ್ಣೆ. ಹಗ್ಗದವನದು ಹರಕು ಬಾಯಿ. "ನಿನ್ನ ತಲೆ ಒಂದು ದಿನ ನಾನೇ ಎಣಿಸ್ತೀನಿ" ಎಂದು ಹತ್ತು ಜನರ ಮುಂದೆ ತಮ್ಮನಿಗೆ ಅಂದಿದ್ದ. ಆ ಮಾತು ಮುಂದೆ ಅವನ ಕೊರಳಿಗೇ ಸುತ್ತಿಕೊಂಡಿತು.

ಹದಿನೈದು ವರ್ಷದ ಹಿಂದೆ ಒಂದು ಜಡಿಮಳೆಯ ಬೆಳಿಗ್ಗೆ. ಎಂಬತ್ತು ಜನರನ್ನು ತುಂಬಿದ ಲಾಂಚನ್ನು ತಮ್ಮ ತಡೆದ. ಇಪ್ಪತ್ತು ಜನರನ್ನು ಕೆಳಗಿಳಿಸಿದ. ಅದಾಗಿ ಅರ್ಧ ಗಂಟೆಗೆ ಕೊಡೆಯಕ್ಕ ಬುರುಜಿನ ಮೇಲೆ ಇಪ್ಪತ್ತೆರಡು ಜನರಿಗೆ ಕಾವಲುಗಾರನ ಕಥೆ ಹೇಳುತ್ತಿದ್ದಳು. "ಮೊದಲ ಏಟು ಬಿದ್ದದ್ದು ಇಲ್ಲೇ" ಎಂದಳು. ಎದುರಿಗಿದ್ದ ಹೆಂಗಸೊಬ್ಬಳು ಅವಳ ಭುಜದಾಚೆ ನೋಡುತ್ತಾ ಬಾಯಿಗೆ ಕೈ ಅಡ್ಡ ಹಿಡಿದಳು. ಕಥೆ ಇಷ್ಟು ಚೆನ್ನಾಗಿ ತಟ್ಟಿತೇ ಎಂದು ಕೊಡೆಯಕ್ಕನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಆಮೇಲೆ ತಿರುಗಿ ನೋಡಿದಳು.

ನೀರುಬಾಗಿಲಿನ ಎರಡು ಬದಿಗೆ ಎರಡು ಹಳದಿ ಮಳೆಕೋಟು, ತಲೆ ಮುಚ್ಚುವ ಟೋಪಿಯ ಸಮೇತ. ಲಾಂಚಿನವರೆಲ್ಲ ತೊಡುವುದು ಅದನ್ನೇ. ಅವಳಿಗೆ ಕಂಡದ್ದು ಬೆನ್ನು ಮಾತ್ರ. ನಡುವೆ ತಮ್ಮ. ಒಂದು ಹಳದಿ ಕೋಟಿನ ಕೈಯಲ್ಲಿ ದೋಣಿಯ ಹುಟ್ಟು ಮೇಲೆದ್ದಿತು, ಕೆಳಗಿಳಿಯಿತು. ಸದ್ದು ಬುರುಜಿಗೆ ತಡವಾಗಿ ಬಂತು. ಹುಟ್ಟು ಎರಡನೆಯ ಸಲ ಏಳುವಾಗ ಮೊದಲನೆಯ ಏಟು ಕೇಳಿಸಿತು. ಎರಡನೆಯ ಏಟು ಕಿವಿಯ ಮೇಲೆ. ತಮ್ಮ ಮಂಡಿಯೂರಿದ. ಇನ್ನೊಂದು ಹಳದಿ ಕೋಟು ಹೊಡೆಯುವವನ ಕೈಗೆ ಜೋತುಬಿದ್ದಿತು, ಅವನು ಕೊಡವಿದ, ಮೂರನೆಯ ಏಟು ನೆಲದಲ್ಲಿದ್ದವನ ತಲೆಗೇ ಬಿತ್ತು. ಇವಳು ಅರವತ್ತೊಂದು ಮೆಟ್ಟಿಲು ಇಳಿದು ಹೋಗುವಷ್ಟರಲ್ಲಿ ಮಳೆನೀರು ಕಲ್ಲಿನ ಸಂದಿಯಲ್ಲಿ ಕೆಂಪಗೆ ಹರಿಯುತ್ತಿತ್ತು. ಅವನ ಒಂದು ಕಿವಿ ಇದ್ದ ಜಾಗದಲ್ಲಿರಲಿಲ್ಲ. ಎಷ್ಟು ಕೊಲೆಗಳ ಕಥೆ ಹೇಳಿದ್ದ ಬಾಯಿ ಅದು! ಅವತ್ತು ಅದರಿಂದ ಬಂದದ್ದು ತಮ್ಮನ ಹೆಸರೊಂದೇ.

ಇಬ್ಬರೂ ಸಿಕ್ಕಿಬಿದ್ದರು, ಇಬ್ಬರೂ ಒಂದೇ ಮಾತು ಹೇಳಿದರು: ಹೊಡೆದವನು ಅವನು, ತಡೆದವನು ನಾನು. ಬುರುಜಿನ ಬುಡದಲ್ಲಿ ಬಾಗಿಲಿಗೆ ಮುಖ ಮಾಡಿದ ಸೋಡಾ ಅಂಗಡಿ. ಆ ಸೋಡಾದವನು ಅವರು ಬಂದು ನಿಲ್ಲುವಾಗಲೇ ಇಬ್ಬರ ಮುಖವನ್ನೂ ನೋಡಿದ್ದ. ಬಾಗಿಲಿನ ಎಡಕ್ಕೆ ಹಗ್ಗದವನು, ಬಲಕ್ಕೆ ಚುಕ್ಕಾಣಿ ಎಂದ. ಆದರೆ ಮಹಾಶೂರ, ಮೊದಲ ಕಿರುಚಾಟಕ್ಕೇ ಮೇಜಿನಡಿ ಸೇರಿದವನು ಎಲ್ಲ ಮುಗಿದ ಮೇಲೆ ಹೊರಬಂದಿದ್ದ. ಏಟು ನೋಡಿದವಳು ಕೊಡೆಯಕ್ಕ ಒಬ್ಬಳೇ. ಇಪ್ಪತ್ತೆರಡು ಪ್ರವಾಸಿಗಳು ಮುಂದಿನ ಲಾಂಚಿಗೇ ಜಾಗ ಖಾಲಿ ಮಾಡಿದ್ದರು.

ಕೋರ್ಟಿನಲ್ಲಿ ಅವಳ ಸರದಿ ಬರುವ ತನಕ ಹೊರಗಿನ ಬೆಂಚಿನ ಮೇಲೆ ಕೂಡಿಸಿದ್ದರು. ಸೋಡಾದವನು ಏನು ಹೇಳಿದ ಎಂದು ಅವಳಿಗೆ ಗೊತ್ತಿಲ್ಲ. ಕಟಕಟೆ ಹತ್ತಿದಳು. ಎದುರಿಗೆ ಜನ, ಎಲ್ಲರ ಕಣ್ಣು ಅವಳ ಮೇಲೆ. ನ್ಯಾಯಾಧೀಶರು ಕೇಳಿದರು, "ಹುಟ್ಟಿನಿಂದ ಹೊಡೆದವನು ಬಾಗಿಲಿನ ಯಾವ ಕಡೆ ನಿಂತಿದ್ದಮ್ಮಾ?"

ಅವಳ ಬಲಗೈ ಮೇಲೆದ್ದಿತು. "ಎಡಗಡೆ, ಸ್ವಾಮಿ" ಎಂದಳು.

ಕೈ ಬಲ ತೋರಿಸಿತು, ಬಾಯಿ ಎಡ ಎಂದಿತು. ಗುಮಾಸ್ತ ಬರೆದುಕೊಂಡದ್ದು ಬಾಯಿಯ ಮಾತನ್ನು. ನಿನ್ನ ಎಡಾನೋ ಗಿರಾಕಿ ಎಡಾನೋ ಎಂದು ಕೇಳುವವನು ಈ ಪ್ರಪಂಚದಲ್ಲಿ ಒಬ್ಬನೇ ಇದ್ದ. ಅವನ ಕೊಲೆಯ ವಿಚಾರಣೆಯೇ ಅದು.

ಹಗ್ಗದವನಿಗೆ ಹದಿನಾಲ್ಕು ವರ್ಷ ಜೈಲಾಯಿತು. ಹೊರಗೆ ಕರೆತರುವಾಗ ಅವನು "ಅಕ್ಕಾ, ನಾನಲ್ಲ ಅಕ್ಕಾ, ನಾನು ಅವನ ಕೈ ಹಿಡಿದೆ!" ಎಂದು ಕೂಗಿದ. ಅವಳು ಪೊಲೀಸರ ನಡುವೆ ನುಗ್ಗಿ, ಕಾಲಿನ ಚಪ್ಪಲಿ ಕಿತ್ತು, ಅವನ ಮುಖಕ್ಕೆ ನಾಲ್ಕು ಬಾರಿಸಿದಳು. ಹಲ್ಲಿಗೆ ತಾಗಿ ತುಟಿ ಸೀಳಿತು. ಅದೇ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು. ಆವತ್ತು ರಾತ್ರಿ ಸುಖವಾಗಿ ನಿದ್ದೆ ಬಂತು ಎಂದು ಅವಳೇ ಹೇಳುತ್ತಿದ್ದಳು.

ಚುಕ್ಕಾಣಿ ಬಿಡುಗಡೆಯಾಗಿ ಬಂದವನು ನೇರ ಅವಳ ಮನೆಗೇ ಬಂದ. ಕಾಲಿಗೆ ಬಿದ್ದ. "ತಡೀಲಿಕ್ಕೆ ನನ್ನ ಕೈಲಿ ಆಗಲಿಲ್ಲ ಅಕ್ಕಾ. ಇನ್ಮೇಲೆ ನಾನೇ ನಿನ್ನ ತಮ್ಮ" ಎಂದ. ಮಾತಿನಂತೆ ನಡೆದುಕೊಂಡ ಕೂಡ. ಗ್ಯಾಸ್ ಸಿಲಿಂಡರು ಹೆಗಲ ಮೇಲೆ ಹೊತ್ತು ಮೇಲೆ ತಂದಿಡುವನು, ಜ್ವರ ಬಂದರೆ ಔಷಧಿ ತರುವನು, ಲಾಂಚಿನಲ್ಲಿ ಒಳ್ಳೆಯ ಜಾಗ ಅವಳಿಗೇ. ಒಂದು ಲಾಂಚು ಹೋಗಿ ಮೂರಾದವು, ಕಟ್ಟೆಯವರಿಗೆಲ್ಲ ಅವನೇ ಮುಖಂಡನಾದ. ಅವಳು ಅವನಿಗೆ ಕೈಯಾರೆ ಬಡಿಸಿದ ಊಟಕ್ಕೆ ಲೆಕ್ಕವಿಲ್ಲ. 

ಮೊನ್ನೆ ಚಳಿಗಾಲದಲ್ಲಿ ಚುಕ್ಕಾಣಿ ಸುದ್ದಿ ತಂದ. "ಅಕ್ಕಾ, ಹಗ್ಗದವನು ನಾಳೆ ಬರ್ತಿದ್ದಾನೆ. ಹತ್ತೂವರೆ ಲಾಂಚು. ಜೈಲಿಂದ ಬಿಟ್ಟ ಮೇಲೆ ಇಷ್ಟು ದಿನ ಆಚೆ ದಡದಲ್ಲೇ ಇದ್ದನಂತೆ, ಈಗ ನಿನ್ನ ಹತ್ರ ಮಾತಾಡ್ಬೇಕಂತೆ. ಎಷ್ಟು ಕೊಬ್ಬು ನೋಡು. ನಮ್ಮ ಹುಡುಗರು ಕಾಯ್ತಿದ್ದಾರೆ. ನೀನು ಹೂಂ ಅಂದ್ರೆ ಸಾಕು."

ಕೊಡೆಯಕ್ಕ ಬಟ್ಟೆ ಮಡಚುತ್ತಿದ್ದಳು. ಮಡಚುವುದು ನಿಲ್ಲಿಸಲಿಲ್ಲ. "ನನ್ನ ತಮ್ಮ ಬಿದ್ದ ಜಾಗದಲ್ಲೇ ಬೀಳಿಸಿ. ಏಳಬಾರದು" ಎಂದಳು.

ಮರುದಿನ ಅವಳು ನಡಿಗೆಯನ್ನು ಚುರುಕಾಗಿ ನಡೆಸಿದಳು. ಮದ್ದಿನ ಮನೆಯಲ್ಲಿ ಎರಡು ನಿಮಿಷ, ಗಲ್ಲಿನ ಅಂಗಳದಲ್ಲಿ ಮೂರು. ಹತ್ತೂವರೆಗೆ ಬುರುಜಿನ ಮೇಲಿರಬೇಕು, ಕಣ್ಣಾರೆ ನೋಡಬೇಕು. ಜನ ಏದುಸಿರು ಬಿಡುತ್ತಾ ಹತ್ತಿದರು. ಹತ್ತು ಇಪ್ಪತ್ತಕ್ಕೇ ಎಲ್ಲರೂ ಮೇಲಿದ್ದರು. ಕೆಳಗೆ ನೀರುಬಾಗಿಲಿನ ಒಳಗೆ ಎಂಟು ಹತ್ತು ಮಂದಿ ಲಾಂಚಿನವರು ಸುಮ್ಮನೆ ಹರಟುವವರ ಹಾಗೆ ನಿಂತಿದ್ದರು, ಕೈಯಲ್ಲಿ ಹುಟ್ಟು. ನಡುವೆ ಚುಕ್ಕಾಣಿ. ದೂರದಲ್ಲಿ ಲಾಂಚು ಕಾಣುತ್ತಿತ್ತು.

ಅವಳು ಜನರ ಕಡೆ ತಿರುಗಿ ಕಾವಲುಗಾರನ ಕಥೆ ಶುರು ಮಾಡಬೇಕಿತ್ತು. ಬಾಯಿಂದ ಬಂದದ್ದು ಬೇರೆ. "ಈ ಬಾಗಿಲಲ್ಲಿ ನನ್ನ ತಮ್ಮನನ್ನು ಕೊಂದರು" ಎಂದಳು. ಹದಿನೈದು ವರ್ಷದಲ್ಲಿ ಮೊದಲ ಸಲ. ಆಕಳಿಸುತ್ತಿದ್ದವರು ಬಾಯಿ ಮುಚ್ಚಿಕೊಂಡರು. ಮಳೆ, ಹಳದಿ ಕೋಟು, ಹುಟ್ಟು, ತಡವಾಗಿ ಬಂದ ಸದ್ದು, ಎಲ್ಲ ಹೇಳಿದಳು. ಸಂಖ್ಯೆ ಏರಿಸಲಿಲ್ಲ. ಸತ್ತವನು ಒಬ್ಬನೇ. "ಹೊಡೆದವನು ಬಾಗಿಲಿನ ಎಡಗಡೆ ಇದ್ದ. ಅವನು ಇನ್ನು ಐದು ನಿಮಿಷಕ್ಕೆ ಇಲ್ಲಿಗೆ ಬರ್ತಾನೆ. ನೋಡಿ."

ಗುಂಪಿನಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇದ್ದರು. ಬೆಳಗಿನಿಂದ ನಿಂತ ಕಡೆಯಲ್ಲೆಲ್ಲ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಗೀಚುತ್ತಿದ್ದರು. ಅಲ್ಲಿಯೂ ಬಾಗಿಲು ಬರೆದು, ಅದರ ಮುಂದೆ ಎರಡು ಆಕೃತಿ ಬರೆದಿದ್ದರು. ಪೆನ್ಸಿಲು ನಿಲ್ಲಿಸಿ, ಸಂಕೋಚದಿಂದ ಕೇಳಿದರು. "ತಪ್ಪು ತಿಳೀಬೇಡಿ ತಾಯಿ. ಹುಟ್ಟನ್ನು ಯಾರ ಕೈಗೆ ಕೊಡಲಿ? ಬಾಯಲ್ಲಿ ಎಡ ಅಂತೀರಿ, ಕೈ ಬಲಕ್ಕೆ ಹೋಗ್ತಿದೆ. ನಿಮ್ಮ ಎಡವೋ, ನಮ್ಮ ಎಡವೋ?"

"ಅದು ನಮ್ಮ ಕಸುಬು ಸಾರ್" ಎಂದಳು ಅವಳು, ದಿನಾ ಹೇಳುವ ಧಾಟಿಯಲ್ಲೇ. "ನಾವು ಯಾವತ್ತೂ ಕೇಳೋರ ಎಡಾನೇ..."

ಮಾತು ಅಲ್ಲೇ ಕಡಿಯಿತು. ಅವಳು ತನ್ನ ಎತ್ತಿದ ಬಲಗೈಯನ್ನು ನೋಡಿದಳು. ನಿಧಾನವಾಗಿ ಬಾಗಿಲ ಕಡೆ ತಿರುಗಿ, ಅದೇ ಕೈಯನ್ನು ಹಾಗೇ ಚಾಚಿದಳು. ಮಳೆಯಲ್ಲಿ ಹುಟ್ಟು ಮೇಲೆದ್ದ ಜಾಗ ಆ ಕೈಯ ನೇರಕ್ಕಿತ್ತು. ಬಲಗಡೆ. ಕಣ್ಣಲ್ಲಿ ಆ ಚಿತ್ರ ಒಂದು ದಿನವೂ ಅಳಿಸಿರಲಿಲ್ಲ. ಯಾವತ್ತೂ ಬಲಗಡೆಯೇ ಇತ್ತು.  ಕೆಳಗೆ ಲಾಂಚು ಕಟ್ಟೆಗೆ ತಾಗಿ ಸೀಟಿ ಊದಿತು.

ಅವಳು ಓಡಿದಳು. ಮೂವತ್ತು ವರ್ಷ ಹಿಂದು ಹಿಂದಾಗಿ ಇಳಿದು ಅಭ್ಯಾಸವಾದ ಕಾಲು ಮುಂದಾಗಿ ಇಳಿಯಲು ಎಡವಿತು. ಇಪ್ಪತ್ತನೆಯ ಮೆಟ್ಟಿಲಲ್ಲಿ ಬಿದ್ದು, ಮಂಡಿ ಒಡೆದು, ಎದ್ದು ಮತ್ತೆ ಓಡಿದಳು. "ನಿಲ್ಲಿಸ್ರೋ! ಬಲ ಕಣ್ರೋ, ಬಲ!" ಎಂದು ಕಿರುಚುತ್ತಿದ್ದಳು. ಲಾಂಚಿನ ಸದ್ದಿನಲ್ಲಿ ಕೆಳಗಿನವರಿಗೆ ಕೇಳಿಸಿದ್ದು ಬಲ ಎಂಬ ಮಾತೊಂದೇ. ಅಕ್ಕ ಹುರಿದುಂಬಿಸುತ್ತಿದ್ದಾಳೆ ಅಂದುಕೊಂಡರು.

ಹಗ್ಗದವನು ಒಂದು ಕೈಚೀಲ ಹಿಡಿದು ಬಾಗಿಲು ದಾಟಿದ್ದಷ್ಟೇ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಮೊದಲ ಏಟು ಮೊಣಕಾಲ ಹಿಂದಕ್ಕೆ ಬಿತ್ತು, ಕುಸಿದ. ಎರಡನೆಯದಕ್ಕೆ ಬಲತೋಳಿನ ಮೂಳೆ ಲಟಕ್ಕೆಂದಿತು. ಒದೆಗಳು ಎಲ್ಲಿಂದ ಬೀಳುತ್ತಿವೆ ಎಂದು ತಿಳಿಯದೆ ಅವನು ತಲೆಯನ್ನು ಎದೆಗೆ ಒತ್ತಿಕೊಂಡು ಮುದುಡಿದ. ಚೀಲದೊಳಗಿನ ಬಟ್ಟೆ ಕಾಲಡಿ ಸಿಕ್ಕಿ ರಕ್ತದಲ್ಲಿ ತೊಯ್ದಿತು. ಕೊಡೆಯಕ್ಕ ಸಿಕ್ಕಿದವರ ಕೂದಲು ಹಿಡಿದು ಎಳೆದು ಒಳಗೆ ನುಗ್ಗಿ, ಅವನ ಮುಂದೆ ಅಡ್ಡ ನಿಂತಳು.

"ಇವನಲ್ಲ! ಕೋರ್ಟಲ್ಲಿ ನಾನು ಹೇಳಿದ್ದು ಕೇಳೋರ ಎಡ. ಹೊಡೆದವನು ನನ್ನ ಬಲಗಡೆ ಇದ್ದ. ಈ ಚುಕ್ಕಾಣಿ ಇದ್ದ ಕಡೆ!"

ಹುಟ್ಟುಗಳು ಗಾಳಿಯಲ್ಲೇ ನಿಂತವು. ಚುಕ್ಕಾಣಿಯ ಮುಖದಲ್ಲಿ ಬೆಣ್ಣೆ ಹಾಗೇ ಇತ್ತು. "ಅಕ್ಕಂಗೆ ತಲೆ ಕೆಟ್ಟಿದೆ, ಪಾಪ. ಪಕ್ಕಕ್ಕೆ ಬಾ ಅಕ್ಕಾ" ಎಂದ. ಅವಳು ಕದಲಲಿಲ್ಲ. "ಪಕ್ಕಕ್ಕೆ ಬಾರೇ!" ಎಂದ. ಹದಿನೈದು ವರ್ಷದಲ್ಲಿ ಮೊದಲ ಸಲ ಅವನ ನಿಜವಾದ ದನಿ ಕೇಳಿದಳು. ಹುಟ್ಟು ಮೇಲೆದ್ದಿತು. ಅವಳು ಕೊಡೆ ಅಡ್ಡ ಹಿಡಿದಳು. ಕೊಡೆಯೂ ಮುರಿಯಿತು, ಹಿಡಿದ ಬಲಗೈಯೂ ಮುರಿಯಿತು. ಹುಟ್ಟು ಮತ್ತೆ ಮೇಲೆದ್ದಾಗ, ನೆಲದಲ್ಲಿದ್ದವನು ಒಂದೇ ಕೈಯನ್ನು ಊರಿ ಎದ್ದು ಚುಕ್ಕಾಣಿಯ ತೋಳಿಗೆ ಜೋತುಬಿದ್ದ.

ಅವತ್ತು ಬುರುಜಿನಿಂದ ಅವಳು ನೋಡಿದ್ದು ಇದನ್ನೇ. ಈಗ ಹತ್ತಿರದಿಂದ ಮುಖದ ಸಮೇತ ಕಂಡಳು. ಸೋಡಾದವನೂ ಕಂಡ, ಈ ಸಲ ಮೇಜಿನಡಿ ಸೇರದೆ ಎರಡು ಕೈಯಲ್ಲಿ ಎರಡು ಬಾಟಲಿ ಹಿಡಿದು ಬಂದ, ಒಂದನ್ನು ಚುಕ್ಕಾಣಿಯ ನೆತ್ತಿಗೆ ಒಡೆದ. ಆಮೇಲೆ ಲಾಂಚಿನವರೆಲ್ಲ ತಮ್ಮ ಮುಖಂಡನ ಮೇಲೆಯೇ ತಿರುಗಿಬಿದ್ದರು. ಅದೇ ಹುಟ್ಟುಗಳು, ಅದೇ ಕಾಲುಗಳು. ಚುಕ್ಕಾಣಿ "ಅಕ್ಕಾ, ಅಕ್ಕಾ" ಎಂದು ಕೂಗಿಕೊಂಡ. ನಿಲ್ಲಿಸಿ ಎನ್ನಲು ಅವಳಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. ಪಕ್ಕೆಲುಬು ಮುರಿಯುವ ಸದ್ದು ಕೇಳಿದ ಮೇಲೆ ಅಂದಳು. ಪೊಲೀಸರು ಅವನನ್ನು ಉಸಿರಿದ್ದಾಗಲೇ ಎತ್ತಿಕೊಂಡು ಹೋದರು. ಅವಳು ಹೇಳಿಕೆ ಕೊಡುವಾಗ ಪ್ರತಿ ಎಡಕ್ಕೂ ಬಲಕ್ಕೂ "ನನ್ನ" ಎಂದು ಸೇರಿಸಿ ಬರೆಸಿದಳು, ಓದಿಸಿ ಕೇಳಿದಳು.

ನಾಲ್ಕನೆಯ ದಿನ ಆಚೆ ದಡದ ಆಸ್ಪತ್ರೆಗೆ ಹೋದಳು, ಕೈಗೆ ಸಿಮೆಂಟು ಪಟ್ಟಿ. ಹಗ್ಗದವನ ಬಲತೋಳು ಪೂರ್ತಿ ಕಟ್ಟಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ತುಟಿಯ ಮೇಲೆ ಹಳೆಯ ಸೀಳಿನ ಗುರುತು. ಅದು ಅವಳ ಚಪ್ಪಲಿಯದು. ಅವಳು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು: ಮುದುಕ ಗೈಡಿನ ಪಾಠ, ಎತ್ತಿದ ಕೈ, ಬಾಯಿಗೆ ಬಂದ ಎಡ. ಹೇಳುತ್ತಾ ಹೇಳುತ್ತಾ ತನ್ನ ಮಾತು ತನಗೇ ತೀರ ಹಗುರ ಅನ್ನಿಸಿತು.

ಅವನು ಮುಖ ಅವಳ ಕಡೆ ತಿರುಗಿಸಿದ. "ಅಷ್ಟೇನಾ?" ಎಂದ. "ನನ್ನ ಹೆಂಡತಿ ಬಿಟ್ಟು ಹೋದ್ಲು. ಮಗಳು ಹೆಸರು ಬದಲಾಯಿಸ್ಕೊಂಡ್ಲು. ಹದಿನಾಲ್ಕು ವರ್ಷ ನಾನು ಅಲ್ಲಿ ಕೂತು ಒಂದೇ ಯೋಚನೆ ಮಾಡ್ದೆ. ಈ ಅಕ್ಕ ಬೇಕಂತ ಯಾಕೆ ಸುಳ್ಳು ಹೇಳಿದ್ಲು, ನಾನೇನು ಮಾಡಿದ್ದೆ ಇವಳಿಗೆ, ಅಂತ. ಅದನ್ನು ಕೇಳೋಕೇ ಬಂದೆ. ನೀನು ನೋಡಿದ್ರೆ ಬಾಯಿ ತಪ್ಪಿ ಬಂತು ಅಂತೀಯ." ಎಡಗೈಯಿಂದ ಮಂಚದ ಅಂಚು ಹಿಡಿದ. "ಬೇಕಂತ ಹೇಳಿದೆ ಅನ್ನು ಅಕ್ಕಾ. ಅದಾದ್ರೆ ನಿನ್ನ ದ್ವೇಷ ಮಾಡಿಕೊಂಡಾದ್ರೂ ಬದುಕ್ತೀನಿ. ಬಾಯಿ ತಪ್ಪಿದ್ದಕ್ಕೆ ಯಾರನ್ನು ದ್ವೇಷ ಮಾಡ್ಲಿ ನಾನು?"

ಸಾವಿರಾರು ಜನರಿಗೆ ಇಲ್ಲದ ಸಾವುಗಳನ್ನು ಹೇಳಿ ನಂಬಿಸಿದವಳು ಅವಳು. ಅವನ ಮುಖವನ್ನೇ ನೋಡುತ್ತಾ, ತಡವರಿಸದೆ, "ಬೇಕಂತಲೇ ಹೇಳಿದೆ ಕಣೋ" ಎಂದಳು. "ನಿನ್ನ ಹರಕು ಬಾಯಿ ನನಗೆ ಆಗ್ತಿರಲಿಲ್ಲ. ಗೊತ್ತಿದ್ದೇ ಹೇಳಿದೆ."

ಅವನು ಎದ್ದು ಕೂತು, ಉಳಿದಿದ್ದ ಎಡಗೈಯನ್ನು ಬೀಸಿ ಹೊಡೆದ. ಸ್ಟೂಲು ಅಲುಗಾಡಿತು, ನರ್ಸು ಓಡಿಬಂದಳು. ಕೊಡೆಯಕ್ಕ ನರ್ಸಿಗೆ "ಏನಿಲ್ಲಮ್ಮ, ನೀನು ಹೋಗು" ಎಂದಳು. ಅವನು ದಿಂಬಿಗೆ ಮುಖ ಒತ್ತಿಕೊಂಡು ಹೋ ಎಂದು ಅಳುತ್ತಿದ್ದ. ಅವಳ ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು. ಬಲಗೆನ್ನೆ. ಅವಳದೇ ಬಲ.